ವೀಸಾದ ಹೆಸರಿನಲ್ಲಿ ಕೇಳುವ ಹಣ



ಸಂಕ್ರಾಂತಿ ಮುಗಿದ ವಾರ ತುಮಕೂರು ಜಿಲ್ಲೆಯ ಒಂದು ಸ್ತ್ರೀಶಕ್ತಿ ಸಂಘದ ಪ್ರತಿನಿಧಿ ನನಗೆ ಫೋನು ಮಾಡಿದರು. "ಮೇಡಂ, ನಮ್ಮ ಸಂಘದ ಒಬ್ಬರು ಐದು ಲಕ್ಷ ಸಾಲ ಕೇಳ್ತಾ ಇದ್ದಾರೆ. ಮಗಳ ಮದುವೆ ಖರ್ಚಿಗೂ ಅಲ್ವಂತೆ, ವರದಕ್ಷಿಣೆಗೂ ಅಲ್ವಂತೆ. ವೀಸಾಕ್ಕಂತೆ. ಬರೆಯೋ ಪುಸ್ತಕದಲ್ಲಿ ಯಾವ ಉದ್ದೇಶ ಅಂತ ಬರೆಯೋಣ?" ಎಂದು ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ. ಮುಂದಿನ ಸಭೆಗೆ ನಾನೇ ಬರುತ್ತೇನೆ, ಅಲ್ಲಿಯವರೆಗೆ ಸಾಲ ಮಂಜೂರು ಮಾಡಬೇಡಿ ಎಂದೆ.

ಸಭೆಯಲ್ಲಿ ಆ ತಾಯಿ ಹೇಳಿದ ವಿಷಯ ಹೀಗಿತ್ತು. ಮಗಳು ನರ್ಸಿಂಗ್ ಓದಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಇಂಜಿನಿಯರ್ ಆಗಿರುವ ಹುಡುಗನ ಕಡೆಯಿಂದ ಸಂಬಂಧ ಬಂದಿದೆ. ಹುಡುಗನ ತಂದೆ ಬಹಳ ಸಭ್ಯರು. ಮೊದಲ ಮಾತಿನಲ್ಲೇ, "ನಮಗೆ ಒಂದು ರೂಪಾಯಿ ವರದಕ್ಷಿಣೆ ಬೇಡ, ನಾವು ಅಂಥವರಲ್ಲ" ಎಂದರಂತೆ. ಎರಡನೆಯ ಮಾತು, "ಆದರೆ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಖಾತೆಯಲ್ಲಿ ಹಣ ತೋರಿಸಬೇಕು ಎಂದು ಅಲ್ಲಿನ ಸರ್ಕಾರದ ಕಾನೂನಿದೆ. ಮೂವತ್ತು ಲಕ್ಷವನ್ನು ಹುಡುಗನ ಖಾತೆಗೆ ಹಾಕಿಬಿಡಿ. ಅದು ನಿಮ್ಮ ಮಗಳದ್ದೇ ತಾನೆ?" ತಾಲ್ಲೂಕು ಕೇಂದ್ರದಲ್ಲಿದ್ದ ನಿವೇಶನ ಮಾರುವುದು, ತಾಯಿಯ ಒಡವೆ ಮಾರುವುದು, ಉಳಿದದ್ದಕ್ಕೆ ಸಂಘದ ಸಾಲ ತರುವುದು ಎಂದು ಮನೆಯಲ್ಲಿ ಲೆಕ್ಕ ಹಾಕಿದ್ದರು.

ವರದಕ್ಷಿಣೆ ಕೇಳಿದ್ದರೆ ಆ ತಾಯಿ ಎದ್ದು ಬರುತ್ತಿದ್ದರೋ ಏನೋ. ನಮ್ಮ ಬೀದಿ ನಾಟಕಗಳಲ್ಲಿ ನಿಂತು ಘೋಷಣೆ ಕೂಗಿದವರು ಅವರು. ಆದರೆ ಇದು "ಕಾನೂನು". ಅದೂ ಪರದೇಶದ ಸರ್ಕಾರದ್ದು. ಕಾನೂನಿಗೆ ಎದುರು ಹೇಳುವುದು ಹೇಗೆ? ಸ್ಕೂಟರು, ನಿವೇಶನ, ವ್ಯಾಪಾರಕ್ಕೆ ಬಂಡವಾಳ, ಕೆಲಸ ಕೊಡಿಸಲು ಲಂಚದ ಹಣ ಎಂದೆಲ್ಲ ವರದಕ್ಷಿಣೆ ಎಷ್ಟು ಹೆಸರು ಬದಲಿಸಿತೆಂಬುದನ್ನು ನಾವು ಕಂಡಿದ್ದೇವೆ. ಈಗ ಅದು ಒಂದು ರಾಯಭಾರ ಕಚೇರಿಯ ಹೆಸರು ಹೇಳಿಕೊಂಡು ಬಂದಿದೆ. ಹಾಗಾಗಿ ಕೋಪ ಮಾಡಿಕೊಳ್ಳುವ ಮೊದಲು ಅವರು ಹೇಳುತ್ತಿರುವುದು ನಿಜವೇ ಎಂದು ನೋಡಬೇಕಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ ನನಗೆ ವೀಸಾ ನಿಯಮಗಳು ಹೊಸವು. ಬ್ರಿಟನ್ ಸರ್ಕಾರ ತಾನೇ ಪ್ರಕಟಿಸಿರುವ ನಿಯಮಗಳನ್ನು ನಾಲ್ಕು ಸಂಜೆ ಕೂತು ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಲೆಕ್ಕ ಬರುತ್ತದೆ. ಸಂಘದ ಬಡ್ಡಿ ಲೆಕ್ಕ ಮಾಡುವ ನಿಮಗೆ ಅದೇನೂ ಕಷ್ಟವಲ್ಲ.

ಇಂಗ್ಲೆಂಡಿನಲ್ಲಿರುವ ಹುಡುಗರಲ್ಲಿ ಎರಡು ಬಗೆ ಎಂಬುದನ್ನು ಮೊದಲು ತಿಳಿಯಬೇಕು. ಒಬ್ಬ ಅಲ್ಲಿನ ಪೌರನಾಗಿರುತ್ತಾನೆ, ಇಲ್ಲವೇ ಕಾಯಂ ನೆಲೆಸುವ ಹಕ್ಕು ಪಡೆದಿರುತ್ತಾನೆ. ಇನ್ನೊಬ್ಬ ಕಂಪನಿಯೊಂದು ಕೊಟ್ಟ ಕೆಲಸದ ವೀಸಾದಲ್ಲಿ ಕೆಲವು ವರ್ಷಕ್ಕೆಂದು ಹೋಗಿರುತ್ತಾನೆ. ನಮ್ಮ ಊರುಗಳಿಂದ ಹೋದ ಇಂಜಿನಿಯರುಗಳಲ್ಲಿ ಬಹಳ ಮಂದಿ ಎರಡನೆಯ ಬಗೆಯವರು. ಇವರು ಹೆಂಡತಿಯನ್ನು ಅವಲಂಬಿತೆಯಾಗಿ ಕರೆಸಿಕೊಳ್ಳಲು ತೋರಿಸಬೇಕಾದ ಉಳಿತಾಯ 285 ಪೌಂಡ್. ಅಂದರೆ ಮೂವತ್ತು ಮೂವತ್ತೈದು ಸಾವಿರ ರೂಪಾಯಿ. ಅದು ಖಾತೆಯಲ್ಲಿ 28 ದಿನ ಇದ್ದರೆ ಸಾಕು. ಕಂಪನಿಯೇ ಆಕೆಯ ಜವಾಬ್ದಾರಿಯನ್ನೂ ಹೊತ್ತುಕೊಳ್ಳುತ್ತೇನೆ ಎಂದು ಪ್ರಮಾಣೀಕರಿಸಿದರೆ ಅದೂ ಬೇಡ. (ಕೆಲವು ಕೆಲಸದವರಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಅವಕಾಶವೇ ಇಲ್ಲ. ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವವರಿಗೆ 2024ರ ಮಾರ್ಚಿನಿಂದ ಅದನ್ನು ನಿಲ್ಲಿಸಿದ್ದಾರೆ. ಅಂಥವನಿಗೆ ಕೋಟಿ ಕೊಟ್ಟರೂ ಹುಡುಗಿ ಹೋಗುವುದಿಲ್ಲ.)

ಆ ತಾಯಿಯ ಮಗಳಿಗೆ ನೋಡಿದ ಹುಡುಗ ಇದೇ ಕೆಲಸದ ವೀಸಾದಲ್ಲಿದ್ದವನು. ಮೂವತ್ತು ಲಕ್ಷವೆಲ್ಲಿ, ಮೂವತ್ತು ಸಾವಿರವೆಲ್ಲಿ!

ಪೌರನಾದ ಅಥವಾ ಕಾಯಂ ಹಕ್ಕು ಪಡೆದ ಹುಡುಗನ ವಿಷಯ ಬೇರೆ. ಅಲ್ಲಿ ನಿಜವಾಗಿಯೂ ದೊಡ್ಡ ಮೊತ್ತದ ನಿಯಮವಿದೆ. 2012ರ ಜುಲೈನಿಂದ ಅಂಥವನಿಗೆ ವರ್ಷಕ್ಕೆ 18,600 ಪೌಂಡ್ ಆದಾಯ ಇರಬೇಕೆಂದು ಮಾಡಿದರು. 2024ರ ಏಪ್ರಿಲ್ 11ರಂದು ಅದನ್ನು 29,000 ಪೌಂಡಿಗೆ ಏರಿಸಿದರು. ಇಲ್ಲಿ ಗಮನಿಸಬೇಕಾದ ಮಾತು: ಇದು ಮೊದಲಿಗೆ ಆದಾಯದ ನಿಯಮ, ಉಳಿತಾಯದ್ದಲ್ಲ. ಹುಡುಗನ ಸಂಬಳ 29,000 ಮುಟ್ಟಿದರೆ ಉಳಿತಾಯದ ಪ್ರಶ್ನೆಯೇ ಏಳುವುದಿಲ್ಲ. ಸಂಬಳದ ಚೀಟಿ ಮತ್ತು ಬ್ಯಾಂಕಿನ ಲೆಕ್ಕಪಟ್ಟಿ ಇಟ್ಟರಾಯಿತು. ಸಂಬಳ ಸಾಲದಿದ್ದಾಗ ಮಾತ್ರ ಉಳಿತಾಯದಿಂದ ಅದನ್ನು ತುಂಬಿಸಬಹುದು.

ತುಂಬಿಸುವ ಲೆಕ್ಕ ಹೀಗಿದೆ. ಮೊದಲು 16,000 ಪೌಂಡನ್ನು ಬದಿಗಿಡಬೇಕು, ಅದು ಲೆಕ್ಕಕ್ಕೆ ಬರುವುದಿಲ್ಲ. ಅದರ ಮೇಲೆ, ವರ್ಷದ ಆದಾಯದಲ್ಲಿ ಎಷ್ಟು ಕೊರತೆಯೋ ಅದರ ಎರಡೂವರೆ ಪಟ್ಟು ಇರಬೇಕು. ಹುಡುಗನಿಗೆ 25,000 ಪೌಂಡ್ ಸಂಬಳವಿದ್ದರೆ ಕೊರತೆ 4,000. ಅದರ ಎರಡೂವರೆ ಪಟ್ಟು 10,000. 16,000 ಸೇರಿಸಿದರೆ 26,000 ಪೌಂಡ್, ಅಂದರೆ ಮೂವತ್ತು ಲಕ್ಷ ರೂಪಾಯಿಯ ಆಸುಪಾಸು. ಅವನಿಗೆ ಸಂಬಳವೇ ಇಲ್ಲದಿದ್ದರೆ 88,500 ಪೌಂಡ್, ಒಂದು ಕೋಟಿ ರೂಪಾಯಿಯ ಆಸುಪಾಸು. ಸ್ವಂತ ವ್ಯಾಪಾರ ಮಾಡುವವನಾದರೆ ವ್ಯಾಪಾರದ ಆದಾಯಕ್ಕೆ ಉಳಿತಾಯವನ್ನು ಜೋಡಿಸಿ ತೋರಿಸಲು ಬರುವುದೇ ಇಲ್ಲ. ಈ ಅಂಕಿಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಕಾಲಕ್ಕೆ ಆ ಸರ್ಕಾರದ ನಿಯಮವನ್ನೇ ನೋಡಬೇಕೇ ಹೊರತು ಬೀಗರ ಬಾಯಿಮಾತನ್ನಲ್ಲ, ಏಜೆಂಟರ ಮಾತನ್ನಂತೂ ಅಲ್ಲವೇ ಅಲ್ಲ.

ಈ ಲೆಕ್ಕದ ಇನ್ನೊಂದು ಅರ್ಥ ನೋಡಿ. ಉಳಿತಾಯ ತೋರಿಸಲೇಬೇಕು ಎಂದು ಯಾರಾದರೂ ಹೇಳಿದರೆ, ಹುಡುಗನ ಸಂಬಳ ಸಾಲದು ಎಂದು ಅವರೇ ಒಪ್ಪಿಕೊಂಡಂತೆ. ಲಂಡನ್ನಿನಲ್ಲಿ ಲಕ್ಷಗಟ್ಟಲೆ ದುಡಿಯುತ್ತಾನೆ ಎಂದು ಒಂದು ಬಾಯಲ್ಲಿ, ಖಾತೆಗೆ ನೀವು ಹಣ ಹಾಕಿ ಎಂದು ಇನ್ನೊಂದು ಬಾಯಲ್ಲಿ ಹೇಳುವುದು ಹೇಗೆ ಸಾಧ್ಯ?

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ನಿಜವಾಗಿಯೂ ಉಳಿತಾಯ ತೋರಿಸಬೇಕಾಗಿ ಬಂತು ಎಂದೇ ಇಟ್ಟುಕೊಳ್ಳೋಣ. ಆ ಹಣ ಯಾರ ಖಾತೆಯಲ್ಲಿರಬೇಕು? ಹುಡುಗನ ಖಾತೆಯಲ್ಲಿರಬಹುದು, ಇಬ್ಬರ ಜಂಟಿ ಖಾತೆಯಲ್ಲಿರಬಹುದು, ಅರ್ಜಿ ಹಾಕುವ ಹೆಂಡತಿಯ ಒಬ್ಬಳದೇ ಖಾತೆಯಲ್ಲೂ ಇರಬಹುದು ಎಂದು ನಿಯಮ ಹೇಳುತ್ತದೆ. ಖಾತೆ ಇಂಗ್ಲೆಂಡಿನಲ್ಲೇ ಇರಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಬ್ಯಾಂಕಿನಲ್ಲಿ ಆಕೆಯ ಹೆಸರಿನಲ್ಲಿರುವ ಠೇವಣಿಯೂ ಆಗುತ್ತದೆ, ಬೇಕೆಂದಾಗ ಬಿಡಿಸಿಕೊಳ್ಳುವಂತಿದ್ದರೆ ಸರಿ. ಅವಧಿಗೆ ಮುಂಚೆ ಬಿಡಿಸಿದರೆ ಬ್ಯಾಂಕು ಸ್ವಲ್ಪ ದಂಡ ಹಿಡಿದುಕೊಂಡರೂ ಅಡ್ಡಿಯಿಲ್ಲ. ತಂದೆತಾಯಿ ಮಗಳಿಗೆ ಕೊಟ್ಟ ಹಣವೂ ನಡೆಯುತ್ತದೆ. ಆದರೆ ಅದು ಆರು ತಿಂಗಳು ಆಕೆಯ ಖಾತೆಯಲ್ಲಿ, ಆಕೆಯ ಹಿಡಿತದಲ್ಲಿ ಇರಬೇಕು. ಹಣದ ಮೂಲ ಯಾವುದೆಂದು ತಿಳಿಸಿ, ಇದು ಸಾಲದ ಹಣವಲ್ಲ ಎಂದು ಬರೆದುಕೊಡಬೇಕು.

ಹೀಗೆ, ಹೆಣ್ಣಿನ ಮನೆಯ ಹಣ ಗಂಡಿನ ಖಾತೆಗೆ ಹೋಗಬೇಕೆಂದು ಆ ನಿಯಮದಲ್ಲಿ ಎಲ್ಲಿಯೂ ಇಲ್ಲ. ಆ ಸರ್ಕಾರ ಈ ಉಳಿತಾಯದಲ್ಲಿ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಇದೆಯೇ ಎಂದಷ್ಟೇ ನೋಡುತ್ತದೆ. ಆಕೆಯ ಖಾತೆಯಲ್ಲೇ ಇದ್ದರೆ ನಡೆಯುವ ಹಣವನ್ನು ತಮ್ಮ ಮಗನ ಖಾತೆಗೇ ಹಾಕಿ ಎಂದು ಹಟ ಹಿಡಿದರೆ, ಅದಕ್ಕೆ ನಮ್ಮ ದೇಶದಲ್ಲಿ ಬೇರೆ ಹೆಸರಿದೆ.

1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಎರಡನೆಯ ಕಲಮಿನ ಪ್ರಕಾರ ಮದುವೆಗೆ ಸಂಬಂಧಿಸಿ, ಮದುವೆಯ ಮೊದಲಾಗಲಿ ನಂತರವಾಗಲಿ, ನೇರವಾಗಿಯೋ ಸುತ್ತುಬಳಸಿಯೋ ಕೊಟ್ಟ ಅಥವಾ ಕೊಡಲು ಒಪ್ಪಿದ ಯಾವುದೇ ಆಸ್ತಿ ವರದಕ್ಷಿಣೆಯೇ. ಮನೆ ಕಟ್ಟಲು ಹಣ ಕೇಳಿದ್ದು ವರದಕ್ಷಿಣೆಯಲ್ಲ ಎಂದು ವಾದಿಸಿದ ಒಂದು ಪ್ರಕರಣದಲ್ಲಿ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಆ ಪದಕ್ಕೆ ವಿಶಾಲವಾದ ಅರ್ಥವನ್ನೇ ಕೊಡಬೇಕು ಎಂದಿತು. ಮನೆ ಕಟ್ಟಲು ಎಂದರೆ ವರದಕ್ಷಿಣೆಯಾಗುವುದಾದರೆ ವೀಸಾಕ್ಕೆ ಎಂದರೆ ಯಾಕಾಗಬಾರದು? ಇನ್ನು ಕೊಡುವುದೂ ಅಪರಾಧವೆಂದು ಹೆದರಿಸಿ ದೂರು ಕೊಡದಂತೆ ಬಾಯಿ ಮುಚ್ಚಿಸುವವರಿದ್ದಾರೆ. ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ ಏಳನೆಯ ಕಲಮಿನಲ್ಲಿದೆ.

ಸಂಘದ ಸಾಲದ ಮಾತಿಗೆ ಬರೋಣ. ಸಾಲ ತಂದು ಮಗಳ ಖಾತೆಯಲ್ಲಿಟ್ಟು, ವೀಸಾ ಬಂದ ಮೇಲೆ ತೆಗೆದು ತೀರಿಸುತ್ತೇವೆ ಎಂದರೆ ಮಗಳು "ಇದು ಸಾಲವಲ್ಲ" ಎಂದು ಸುಳ್ಳು ಬರೆದುಕೊಡಬೇಕಾಗುತ್ತದೆ. ಅಂಥ ಸುಳ್ಳು ಹೊರಬಿದ್ದರೆ ಅರ್ಜಿ ತಿರಸ್ಕಾರವಾಗುವುದಲ್ಲದೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚಬಹುದು. ಪಟ್ಟಣಗಳಲ್ಲಿ "ತೋರಿಸುವ ಹಣ" ಒದಗಿಸುತ್ತೇವೆ ಎಂದು ತಿಂಗಳ ಬಡ್ಡಿಗೆ ಹಣ ಹಾಕಿ ತೆಗೆಯುವ ದಲ್ಲಾಳಿಗಳೂ ಇದ್ದಾರೆ. ಆರು ತಿಂಗಳ ಬಡ್ಡಿ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಸಾಲ ತೀರಿಸುವವಳು ಇಲ್ಲಿ ವಾರಕ್ಕೊಮ್ಮೆ ಕಂತು ಕಟ್ಟುವ ತಾಯಿ, ಹಣ ಕೂತಿರುವುದು ಸಮುದ್ರದಾಚೆಯ ಅಳಿಯನ ಖಾತೆಯಲ್ಲಿ. ಆಕೆ ಕಂತು ತಪ್ಪಿಸಿದರೆ ಹೊಣೆ ಇಡೀ ಸಂಘದ್ದು.

ಒಡವೆಯ ವಿಷಯ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು. ನಮ್ಮ ಹೆಣ್ಣುಮಕ್ಕಳ ನಿಜವಾದ ಉಳಿತಾಯ ಬಂಗಾರ. ವೀಸಾ ಅಧಿಕಾರಿ ಬಂಗಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಮಾರಿ ನಗದು ಮಾಡಿ ಖಾತೆಯಲ್ಲಿಟ್ಟು ಆರು ತಿಂಗಳು ಕಾಯಬೇಕು. ಹೀಗೆ ಮಾರುವಾಗ ಹೋಗುವುದು ಕೂಲಿ, ತೇಮಾನುಗಳಷ್ಟೇ ಅಲ್ಲ. ಸರ, ಬಳೆ, ಓಲೆ ಎಂದಾಗ ಅದಕ್ಕೊಂದು ಗುರುತಿದೆ. ಮದುವೆಯ ಫೋಟೋದಲ್ಲಿ ಅದು ಕಾಣುತ್ತದೆ, ಅಂಗಡಿಯ ಚೀಟಿ ಇರುತ್ತದೆ, ನಾಲ್ಕು ಜನ ನೋಡಿರುತ್ತಾರೆ. ಹೆಣ್ಣಿನ ಸ್ತ್ರೀಧನ ಆಕೆಯದೇ ಸ್ವತ್ತು, ಗಂಡನ ಬಳಿ ಇದ್ದರೂ ಅದು ನಂಬಿ ಒಪ್ಪಿಸಿದ್ದು, ತಾನೇ ಬಳಸಿಕೊಂಡರೆ ಅದು ನಂಬಿಕೆದ್ರೋಹದ ಅಪರಾಧ ಎಂದು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಷ್ಟೋ ಸೋದರಿಯರು ಆ ತೀರ್ಪನ್ನು ಹಿಡಿದುಕೊಂಡೇ ಒಡವೆ ವಾಪಸು ಪಡೆದಿದ್ದಾರೆ. ಆದರೆ ಒಡವೆ ಕರಗಿ ರೂಪಾಯಿಯಾಗಿ, ರೂಪಾಯಿ ಪೌಂಡಾಗಿ, ಗಂಡನ ಸಂಬಳದೊಡನೆ ಒಂದೇ ಖಾತೆಯಲ್ಲಿ ಬೆರೆತ ಮೇಲೆ ಯಾವುದು ಅವ್ವನ ಸರ, ಯಾವುದು ಅವನ ಸಂಬಳ? ನಮ್ಮ ತಾಲ್ಲೂಕಿನ ಮ್ಯಾಜಿಸ್ಟ್ರೇಟರು ಆದೇಶ ಮಾಡಿದರೂ ಅಲ್ಲಿನ ಬ್ಯಾಂಕಿನಿಂದ ಹಣ ಬಿಡಿಸುವುದು ಯಾರು? ಹಕ್ಕು ಉಳಿದಿರುತ್ತದೆ, ಕೈಗೆಟುಕುವುದಿಲ್ಲ.

ಮಗಳಿಗೆ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಡಿ. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ, 2005ರಲ್ಲಿ ಇಡೀ ದೇಶಕ್ಕೆ ಆದ ತಿದ್ದುಪಡಿ ಹಿಂದೂ ಮನೆತನದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿವೆ. ಪಾಲೆಂದು ಆಕೆಯ ಹೆಸರಿಗೇ ನೋಂದಣಿ ಮಾಡಿಸಿ ಕೊಡಿ. ಮಗಳ ಹೆಸರಿನಲ್ಲಿ ಆರು ತಿಂಗಳಾದರೂ ಇದ್ದ ನಿವೇಶನವನ್ನು ಆಕೆಯೇ ಮಾರಿದರೆ, ಆ ಹಣ ಮತ್ತೆ ಆರು ತಿಂಗಳು ಕಾಯದೆ ವೀಸಾದ ಲೆಕ್ಕಕ್ಕೆ ಬರುತ್ತದೆ. ಅಪ್ಪನ ಹೆಸರಿನ ನಿವೇಶನ ಮಾರಿ ಕೊಟ್ಟ ಹಣಕ್ಕೆ ಆ ಅನುಕೂಲವಿಲ್ಲ. ನೋಡಿ, ಪರದೇಶದ ನಿಯಮವೂ ಹೆಣ್ಣಿನ ಹೆಸರಿನಲ್ಲಿ ಆಸ್ತಿ ಇದ್ದರೆ ಒಳ್ಳೆಯದು ಎನ್ನುತ್ತಿದೆ!

ಹಣ ಆಕೆಯ ಖಾತೆಯಲ್ಲಿದ್ದ ಮಾತ್ರಕ್ಕೆ ಸಾಲದು. ಜಂಟಿ ಖಾತೆಯಾದರೆ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ ಬರೆಸಿರುತ್ತಾರೆ. ಹಾಗಾಗಿ ಒಬ್ಬಳದೇ ಹೆಸರಿರಲಿ. ಬ್ಯಾಂಕಿಗೆ ಕೊಟ್ಟ ಮೊಬೈಲ್ ಸಂಖ್ಯೆ ಆಕೆಯದೇ ಆಗಿರಲಿ, ಗಂಡನದೂ ಅಲ್ಲ, ಅಣ್ಣನದೂ ಅಲ್ಲ. ಒಟಿಪಿ ಯಾರ ಫೋನಿಗೆ ಬರುತ್ತದೋ ಹಣ ಅವರದು ಎಂಬಂತಾಗಿದೆ ಈ ಕಾಲ. ವಿದೇಶಕ್ಕೆ ಹೋಗಿ ನೆಲೆಸಿದ ಮೇಲೆ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅದರಿಂದ ಹಣ ಹೋಗುವುದಿಲ್ಲ, ಹೆಸರೂ ಬದಲಾಗುವುದಿಲ್ಲ. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಮಾಡಿ ಎರಡೂ ಕಡೆಯವರ ಸಹಿ ಹಾಕಿಸಬೇಕೆಂದು 1985ರ ನಿಯಮಗಳಿವೆ. ಯಾರೂ ಮಾಡುವುದಿಲ್ಲ, ನೀವು ಮಾಡಿ.

ನಿಜವಾಗಿ ಖರ್ಚಾಗುವ ಹಣವೂ ಒಂದಿದೆ. ಪೌರನ ಹೆಂಡತಿಯ ಅರ್ಜಿಗೆ 2025ರ ಏಪ್ರಿಲ್‌ನಲ್ಲಿ 1,938 ಪೌಂಡ್ ಶುಲ್ಕವಿತ್ತು. ಅಲ್ಲಿನ ಆಸ್ಪತ್ರೆ ಸೌಲಭ್ಯಕ್ಕೆಂದು ವರ್ಷಕ್ಕೆ 1,035ರಂತೆ 3,105 ಪೌಂಡ್ ಬೇರೆ. ಎರಡೂ ಸೇರಿ ಸುಮಾರು ಆರು ಲಕ್ಷ ರೂಪಾಯಿ. ಹೆಂಡತಿಯನ್ನು ಕರೆಸಿಕೊಳ್ಳುವವನು ಅದನ್ನು ಕೊಡಲಿ.

ಅಮೆರಿಕದ ರೀತಿ ಬೇರೆ. ಅಲ್ಲಿನ ಪೌರನು ಹೆಂಡತಿಯನ್ನು ಕಾಯಂ ಆಗಿ ಕರೆಸಿಕೊಳ್ಳುವಾಗ, ಆಕೆಯನ್ನು ಪೋಷಿಸುತ್ತೇನೆ ಎಂದು ಐ-864 ಎಂಬ ಮುಚ್ಚಳಿಕೆ ಬರೆದುಕೊಡಬೇಕು. ಇಬ್ಬರ ಸಂಸಾರಕ್ಕೆ 2025ರ ಲೆಕ್ಕದಲ್ಲಿ ವರ್ಷಕ್ಕೆ 26,437 ಡಾಲರ್ ಆದಾಯ ಬೇಕಿತ್ತು. ಕೊರತೆ ಬಿದ್ದರೆ ಅದರ ಮೂರು ಪಟ್ಟು ಆಸ್ತಿ ತೋರಿಸಬಹುದು. ಆಸ್ತಿ ಹೆಂಡತಿಯದೂ ಆಗಬಹುದು, ಅದು ಆಕೆಯ ಹೆಸರಿನಲ್ಲೇ ಇರುತ್ತದೆ. ಆದಾಯವಿರುವ ಬೇರೊಬ್ಬರು ಜೊತೆಗೆ ಜಾಮೀನು ನಿಲ್ಲಲೂ ಅವಕಾಶವಿದೆ. ಆ ಮುಚ್ಚಳಿಕೆ ಬರೀ ಕಾಗದವಲ್ಲ. ಗಂಡ ಕೈಬಿಟ್ಟರೆ ಅದನ್ನೇ ಹಿಡಿದು ಹೆಂಡತಿ ಅಲ್ಲಿನ ನ್ಯಾಯಾಲಯದಲ್ಲಿ ಪೋಷಣೆ ಕೇಳಬಹುದು, ವಿಚ್ಛೇದನವಾದರೂ ಆ ಹೊಣೆ ತಪ್ಪುವುದಿಲ್ಲ. ಮಗಳು ವಿಮಾನ ಹತ್ತುವ ಮೊದಲು ಅದರ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ.

ಇಂಗ್ಲೆಂಡಿನಲ್ಲಿ ಹೊಡೆತ ತಿಂದವಳ ಗತಿಯೇನು? ಗಂಡನ ಮೂಲಕ ಹೋದವಳಿಗೆ ಅಲ್ಲಿ ಸರ್ಕಾರದ ನೆರವಿನ ಹಣ ಸಿಗುವುದಿಲ್ಲ. ಮನೆ ಬಿಟ್ಟು ಹೊರಬಂದರೆ ಅನ್ನವೂ ಇಲ್ಲ, ವೀಸಾವೂ ಇಲ್ಲ ಎಂಬ ಭಯವೇ ಅವಳನ್ನು ಕಟ್ಟಿಹಾಕುತ್ತಿತ್ತು. ಲಂಡನ್ನಿನಲ್ಲಿ 1979ರಲ್ಲಿ ಹುಟ್ಟಿದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಸಂಘಟನೆ ಇದರ ವಿರುದ್ಧ ದಶಕಗಳ ಕಾಲ ಹೋರಾಡಿದೆ. ಅಂಥ ಹೋರಾಟಗಳ ಫಲವಾಗಿ, ದೌರ್ಜನ್ಯದಿಂದ ಗಂಡನನ್ನು ಬಿಟ್ಟವಳು ಮೂರು ತಿಂಗಳು ನೆರವಿನ ಹಣ ಪಡೆದು ಇರಬಹುದು. ಪೌರನ ಅಥವಾ ಕಾಯಂ ಹಕ್ಕುಳ್ಳವನ ಹೆಂಡತಿಯಾದರೆ ತನ್ನ ಹೆಸರಿನಲ್ಲೇ ನೆಲೆಸುವ ಹಕ್ಕು ಕೇಳಬಹುದು. ರಜೆಗೆಂದು ಊರಿಗೆ ಕರೆತಂದು ಪಾಸ್‌ಪೋರ್ಟ್ ಕಸಿದುಕೊಂಡು ಬಿಟ್ಟುಹೋದ ಅಂಥ ಗಂಡಂದಿರ ಹೆಂಡತಿಯರೂ 2024ರಿಂದ ಇಲ್ಲಿಂದಲೇ ಆ ಹಕ್ಕಿಗೆ ಅರ್ಜಿ ಹಾಕಬಹುದು. ಕೆಲಸದ ವೀಸಾದವನ ಹೆಂಡತಿಗೆ ಮಾತ್ರ ಮೂರು ತಿಂಗಳ ನೆರವಷ್ಟೇ, ನೆಲೆಸುವ ದಾರಿಯಿಲ್ಲ. ಅವಳಿಗೆ ತನ್ನ ಹೆಸರಿನ ಖಾತೆಯಲ್ಲಿರುವ ಹಣವೇ ವಾಪಸು ಟಿಕೆಟ್ಟು, ವಕೀಲರ ಶುಲ್ಕ, ನಾಲ್ಕು ದಿನದ ಅನ್ನ. ಬಿಟ್ಟುಹೋದವರ ದೂರುಗಳಿಗೆಂದೇ ನಮ್ಮ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯರ ಘಟಕವೊಂದಿದೆ. ಊರಿನಲ್ಲೇ ಆದರೆ ಮಹಿಳಾ ಸಹಾಯವಾಣಿ 181.

ಆ ದೇಶದ ನಿಯಮ ನ್ಯಾಯವಾದದ್ದೆಂದು ನಾನು ಹೇಳುತ್ತಿಲ್ಲ. ಸಂಸಾರ ಕೂಡಿ ಬಾಳಲು ಇಷ್ಟು ಸಂಬಳ ಬೇಕು ಎನ್ನುವ ಸರ್ಕಾರ, ಬಡವರಿಗೆ ಸಂಸಾರ ಬೇಡ ಎಂದಂತೆಯೇ. ಅಲ್ಲಿಯೂ ಹೆಂಗಸರ ಸಂಬಳ ಗಂಡಸರಿಗಿಂತ ಕಡಿಮೆ. ಅಂಗಡಿಯಲ್ಲೋ ಆಸ್ಪತ್ರೆಯ ಅಡುಗೆಮನೆಯಲ್ಲೋ ದುಡಿಯುವ ಹೆಣ್ಣುಮಗಳು ತನ್ನ ಗಂಡನನ್ನು ಕರೆಸಿಕೊಳ್ಳಲಾರಳು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕನಿಷ್ಠ ಆದಾಯದ ನಿಯಮವನ್ನು ಎತ್ತಿಹಿಡಿದರೂ, ಮಕ್ಕಳ ಹಿತವನ್ನು ಸರಿಯಾಗಿ ಗಮನಿಸಿಲ್ಲವೆಂದು ತಪ್ಪು ತೋರಿಸಿತು. ಆ ಹೋರಾಟವನ್ನು ಅಲ್ಲಿನವರು ಮಾಡುತ್ತಿದ್ದಾರೆ. ಅವರ ಅನ್ಯಾಯದ ನಿಯಮವನ್ನು ಇಲ್ಲಿ ಸುಳ್ಳು ಸೇರಿಸಿ ಮಾರುವವರನ್ನು ತಡೆಯುವುದು ನಮಗೆ ಸೇರಿದ್ದು.

ಆ ಹುಡುಗಿಯ ವಿಷಯ ಹೇಳುವುದು ಬಾಕಿಯಿದೆ. ನಾನು ಓದಿ ತಿಳಿದದ್ದನ್ನು ಹೇಳಿದಾಗ ಅವಳು ಹುಡುಗನಿಗೇ ಫೋನಿನಲ್ಲಿ ಮೂರು ಪ್ರಶ್ನೆ ಬರೆದು ಕಳಿಸಿದಳು. ನಿಮ್ಮದು ಯಾವ ವೀಸಾ, ಸಂಬಳ ಎಷ್ಟು, ಹಣ ನನ್ನ ಖಾತೆಯಲ್ಲೇ ಇದ್ದರೆ ಯಾಕಾಗುವುದಿಲ್ಲ? ಎಂಟು ದಿನ ಬಿಟ್ಟು ಉತ್ತರ ಬಂತು. ಕೆಲಸದ ವೀಸಾ ಎಂದು ಒಪ್ಪಿಕೊಂಡಿದ್ದ. ಹಣದ ವಿಷಯ ಅಪ್ಪ ನೋಡಿಕೊಳ್ಳುತ್ತಿದ್ದಾರೆ, ನನಗೆ ಗೊತ್ತಿಲ್ಲ ಎಂದಿದ್ದ. ಗೊತ್ತಿರಲಿಲ್ಲವೋ, ಗೊತ್ತಿಲ್ಲದಂತೆ ಇದ್ದನೋ, ಹೇಳಲಾರೆ. ಮರುವಾರ ಅವನ ತಂದೆ, ಈಗಲೇ ಇಷ್ಟು ಪ್ರಶ್ನೆ ಕೇಳುವ ಹುಡುಗಿ ನಮ್ಮ ಮನೆಗೆ ಹೊಂದುವುದಿಲ್ಲ ಎಂದು ಹೇಳಿ ಕಳಿಸಿದರು.

ಸಂಬಂಧ ಮುರಿಯಿತು. ಊರಿನಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು. ಆ ತಾಯಿ ನನ್ನೊಡನೆ ಮೊದಲಿನಂತೆ ಮಾತಾಡುವುದಿಲ್ಲ, ಅದರ ನೋವು ನನಗಿದೆ. ಮಗಳಿಗೆ ಇಪ್ಪತ್ತೇಳು ವರ್ಷ, ಇನ್ನು ಯಾರು ಬರುತ್ತಾರೆ ಎಂಬ ಅವರ ಚಿಂತೆಗೆ ನನ್ನ ಬಳಿ ಉತ್ತರವಿಲ್ಲ. ನಿವೇಶನ ಮಾರಲಿಲ್ಲ. ಅದನ್ನು ಮಗಳ ಹೆಸರಿಗೆ ಮಾಡಿಸುವ ಮಾತು ನಡೆದಿದೆ, ಅಣ್ಣ ಇನ್ನೂ ಒಪ್ಪಿಲ್ಲ. ಹುಡುಗಿ ರಾತ್ರಿ ಪಾಳಿಗೆ ಹೋಗಿಬಂದು, ತಾನೇ ನರ್ಸಾಗಿ ಹೊರದೇಶಕ್ಕೆ ಹೋಗಲು ಬರೆಯಬೇಕಾದ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾಳೆ.

ಮಾರ್ಚ್ ತಿಂಗಳ ಸಭೆಯಲ್ಲಿ ಸಂಘದವರು ನಡವಳಿ ಪುಸ್ತಕದಲ್ಲಿ ಒಂದು ಠರಾವು ಬರೆದುಕೊಂಡರು: ವೀಸಾದ ಹೆಸರಿನಲ್ಲಿ ಅಳಿಯನ ಖಾತೆಗೆ ಹಾಕಲು ಸಂಘದಿಂದ ಸಾಲ ಕೊಡತಕ್ಕದ್ದಲ್ಲ, ಅಂಥ ಬೇಡಿಕೆ ಬಂದ ಮನೆಗೆ ಸಂಘದ ಇಬ್ಬರು ಹೋಗಿ ವೀಸಾ ಯಾವುದು, ಸಂಬಳ ಎಷ್ಟು ಎಂದು ವಿಚಾರಿಸತಕ್ಕದ್ದು. ಹದಿನಾರು ಜನ ಸಹಿ ಹಾಕಿದ್ದಾರೆ. ನಾಲ್ಕನೆಯ ಸಹಿ ಆ ತಾಯಿಯದು.